ಎಳೆ ಕೂಡಿಸುವುದು

ಫ್ಯಾನು ಆರಿಸು ಕೊಟ್ರಮ್ಮಾ.
ಏಪ್ರಿಲ್ಲಿನ ನಿಟ್ಟುವಳ್ಳಿ, ಶೀಟಿನ ಮನೆ,
ಆದರೂ ಆರಿಸು. ಕಿಟಕಿ ಹಾಕು.
ಮಂಡಕ್ಕಿ ಭಟ್ಟಿಯ ಮಸಿ ಇವತ್ತು ಈ ಕಡೆಗೇ ಬೀಸುತ್ತಿದೆ.

ಅರ್ಧ ಗಂಟೆ, ದಿನಕ್ಕೆ ನಾಲ್ಕು ಸಲ.
ಹೊಟ್ಟೆಯೊಳಗಿನ ಹಳೇ ನೀರು ಇಳಿಸಿ
ಹೊಸ ನೀರು ಏರಿಸುವ ಕೆಲಸ.
ಮಿಲ್ಲು ಮುಚ್ಚಿ ಎಷ್ಟೋ ವರ್ಷದ ಮೇಲೆ
ನನಗೆ ಮತ್ತೆ ಪಾಳಿ ಬಂದಿದೆ.

ಇಪ್ಪತ್ತೆರಡು ವರ್ಷ ರಿಂಗ್ ಫ್ರೇಮಿನ ಮುಂದೆ ನಿಂತವನು.
ಎಳೆ ಹರಿದರೆ ಸಾಕು,
ಕಣ್ಣು ತಿರುಗುವ ಮೊದಲೇ ಬೆರಳು ಹೋಗಿ ಕೂಡಿಸಿರುತ್ತಿತ್ತು.
ಮೇಸ್ತ್ರಿ ರುದ್ರೋಜಿ ಅನ್ನುತ್ತಿದ್ದ:
ನಿನ್ನ ಬೆರಳಿಗೆ ಬೇರೆ ಜೀವ ಇದೆ ಕಣಯ್ಯಾ.
ಆ ಬೆರಳೇ ಈಗ ಕಲಿಯಬೇಕಾಗಿದೆ
ತುದಿ ಮುಟ್ಟದೆ ಕೂಡಿಸುವುದನ್ನು.

ಹೊಟ್ಟೆಯಿಂದ ಹೊರಬಂದ ನಳಿಗೆ, ಚೀಲದ ನಳಿಗೆ,
ಎರಡರ ಬಾಯಿಯೂ ಗಾಳಿಗೆ ತೆರೆದಿರುವ
ಎರಡೇ ಎರಡು ಉಸಿರಿನ ಹೊತ್ತು.
ಕೆಮ್ಮಬಾರದು, ಮಾತಾಡಬಾರದು,
ಮೊಮ್ಮಗಳು ಬಾಗಿಲು ಬಡಿದರೂ 'ಬಂದೆ' ಅನ್ನಬಾರದು.

ಇಳಿದ ನೀರಿನ ಚೀಲವನ್ನು ಪೇಪರಿನ ಮೇಲಿಡುತ್ತೇನೆ.
ಮೆಕ್ಕೆಜೋಳದ ಧಾರಣೆ ಕಾಣುತ್ತದೆ;
ಅದು ದಪ್ಪಕ್ಷರ, ನೆಚ್ಚುವ ಹಾಗಿಲ್ಲ.
ನಿಧನದ ಕಾಲಮ್ಮಿಗೆ ಸರಿಸುತ್ತೇನೆ.
ಸತ್ತವರ ಹೆಸರು, ಊರು, ವಯಸ್ಸು, ಮಣ್ಣಿನ ಹೊತ್ತು
ನೀರಿನೊಳಗಿಂದ ಸಲೀಸಾಗಿ ಓದಿಸಿಕೊಂಡರೆ
ನನಗೇನೂ ಆಗಿಲ್ಲ.

ಕಾರಹುಣ್ಣಿಮೆಯ ಮಾರನೇ ದಿನ ಓದಿಸಿಕೊಳ್ಳಲಿಲ್ಲ.
ಅಕ್ಕಿ ತೊಳೆದ ನೀರಿನ ಹಾಗೆ.
ಮಧ್ಯಾಹ್ನಕ್ಕೆ ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆಯುತ್ತಿದ್ದರು.
ಆ ಚೀಲವನ್ನೇ ತೊಡೆ ಮೇಲಿಟ್ಟುಕೊಂಡು ಆಟೋ ಹತ್ತಿದೆವು.

ಜಬೀನಾ ಸಿಸ್ಟರ್ ಬಯ್ಯಲಿಲ್ಲ. ಕೇಳಿದರು, ಒಂದೊಂದೇ.
ಮಾಸ್ಕ್? ಹಾಕಿದ್ದೆ.
ಸೋಪು? ಬೆರಳ ಸಂದಿಗೂ, ಉಗುರಿನ ಬುಡಕ್ಕೂ.
ಕೈ ಒರೆಸಿದ್ದು ಯಾವುದರಲ್ಲಿ?

ನಾನು ಇವಳನ್ನು ನೋಡಿದೆ. ಇವಳು ಗೋಡೆ ನೋಡಿದಳು.

ಸೆರಗಿನಲ್ಲಿ.
ಮದುವೆಯಾದಂದಿನಿಂದ ಉಂಡ ಕೈ, ಗ್ರೀಸಿನ ಕೈ,
ಅಪ್ಪನ ಮಣ್ಣು ಮಾಡಿ ಬಂದ ಕೈ,
ಒರೆಸಿದ್ದೆಲ್ಲ ಅಲ್ಲೇ, ಕೇಳದೆ, ನೋಡದೆ.
ಅವಳೂ ಯಾರದೋ ಜೊತೆ ಮಾತಾಡುತ್ತಲೇ
ಅದನ್ನು ಇತ್ತ ಚಾಚುತ್ತಿದ್ದಳು.
'ಅದೇ ಕಾರಣ ಅಂತ ಹೇಳೋಕಾಗಲ್ಲ' ಅಂದರು ಸಿಸ್ಟರ್,
'ಆದರೆ ಇನ್ನು ಬೇಡ.'

ಎರಡು ವಾರ ಆ ನೀರಿಗೇ ಔಷಧಿ ಬೆರೆಸಿ ಏರಿಸಿದರು.
ಅಕ್ಷರಗಳು ನಿಧಾನ ಮರಳಿದವು, ಮೊದಲು ದಪ್ಪನವು.

ಈಗ ಒರೆಸಲು ಕಾಗದ, ಒಂದು ಸಲಕ್ಕೆ ಒಂದು.
ಆದರೂ ಕೈ ತೊಳೆದು ಬಂದವನು
ತೊಟ್ಟಿಕ್ಕುವ ಎರಡೂ ಕೈ ಅವಳ ಕಡೆಗೇ ನೀಡುತ್ತೇನೆ.
ಅವಳು ಸೆರಗನ್ನು ಸೊಂಟಕ್ಕೆ ಬಿಗಿದು
ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ,
ಬಾಗಿಲೆಳೆದುಕೊಂಡು ಹೋಗುತ್ತಾಳೆ.

ಆಚೆಯಿಂದ ಕೇಳುತ್ತಾಳೆ, 'ಆಯ್ತಾ?'
ನಾನು ಉತ್ತರ ಕೊಡುವುದಿಲ್ಲ.
ಕೊಡದಿದ್ದರೆ ಇನ್ನೂ ಕೂಡಿಸುತ್ತಿದ್ದಾನೆ ಅಂತ
ಅವಳಿಗೆ ಗೊತ್ತು.