ವೇ ಬಿಲ್ಲು

ಅಣ್ಣಿಗೇರಿ ದಾಟಿ ಹುಲಕೋಟಿ ಬರೂದ್ರಾಗ
ನನ್ನ ಲೆಕ್ಕ ಮುಗದಿರತೈತಿ:
ಫುಲ್ ಎಷ್ಟು, ಹಾಫ್ ಎಷ್ಟು, ಪಾಸು ಎಷ್ಟು,
ಹೆಣ್ಮಕ್ಕಳ ಸೊನ್ನೆ ಟಿಕೆಟ್ ಎಷ್ಟು.
ಇಪ್ಪತ್ತೊಂದು ವರ್ಷದಾಗ ಒಂದ ರೂಪಾಯಿ
ಹೆಚ್ಚಾಗಿಲ್ಲ, ಕಡಿಮಿ ಆಗಿಲ್ಲ.
ಚೆಕಿಂಗಿನವರು ನನ್ನ ಬಸ್ಸು ಹತ್ತಿದ್ರ
ಕಿಡಕಿ ಬಾಜೂಕ ಕುಂತು, ಗಾಳಿ ತಗೊಂಡು ಇಳೀತಾರ.

ಲೆಕ್ಕ ತಪ್ಪಿದ್ದು ಬ್ಯಾರೆ ಕಡೆ.

ನನ್ನ ಡ್ರೈವರ್ ದಾವಲಸಾಬ ನದಾಫ
ಭಂಡಿವಾಡ ಹತ್ರ ಬಸ್ಸು ಮೆಲ್ಲಕ ಬದಿಗೆ ತಂದು
ಹ್ಯಾಂಡ್ ಬ್ರೇಕ್ ಎಳದು ಅಂದ:
'ಅಕ್ಕಾ, ಎದಿ ಮ್ಯಾಲೆ ಯಾರೋ ಕುಂತಾರ.'
ಐವತ್ಮೂರು ಮಂದಿ ಇದ್ರು ಒಳಗ. ಒಬ್ಬರಿಗೂ ಗೀರು ಬೀಳಲಿಲ್ಲ.

ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಸ್ಟೆಂಟ್ ಹಾಕಿದ್ರು.
ಬೀಡಿ ಸೇದಾಂವಲ್ಲ, ಕುಡಿಯಾಂವಲ್ಲ.
'ಏನ ತಿಂತಿದ್ದೆಪಾ?' ಅಂತ ಕೇಳಿದ್ರ
ಅಂವ ನನ್ನ ಮಾರಿ ನೋಡಿದ.
ಅಂವ ತಿಂದದ್ದೆಲ್ಲಾ ನಾನೂ ತಿಂದಾಕಿ.

ನಸುಕಿನ್ಯಾಗ ಹೊಸೂರ ಸ್ಟ್ಯಾಂಡಿನ ಚಹಾ,
ಚಮಚಾ ನೆಟ್ಟಗ ನಿಲ್ಲುವಷ್ಟು ಸಕ್ಕರಿ.
ಅಣ್ಣಿಗೇರ್ಯಾಗ ಚುನಮರಿ ಸೂಸಲಾ, ಮ್ಯಾಲೆ ಎರಡು ಮಿರ್ಚಿ.
ಗದಗಿನ್ಯಾಗ ತಾಟಿನ ತುಂಬ ಅನ್ನ.
ಡ್ರೈವರ್ ಕಂಡಕ್ಟರಿಗೆ ಹೋಟೆಲಿನಾಂವ ರೊಕ್ಕ ಕೇಳಂಗಿಲ್ಲ;
ಕೇಳದ ಕೂಳು ಯಾರ ಎಣಸ್ತಾರ?
ಟಿಕೆಟ್ಟಿಲ್ದ ಹತ್ತಿದ ತುತ್ತು ಅವು,
ದಿನಾ, ಎರಡೂ ಬಾಗಲದಿಂದ.

ಆಮ್ಯಾಲೆ ಡಿಪೋದಾಗ ಎಲ್ಲಾರದೂ ರಕ್ತ ತಪಾಸ.
ನಾ ನಕ್ಕೆ: ನಾವು ಜ್ವಾಳದ ಮಂದಿ,
ಸಕ್ಕರಿ ಬ್ಯಾನಿ ಅನ್ನ ತಿನ್ನವರಿಗೆ.
ಆದ್ರೂ ಮೂರು ದಿನ ಸಿಹಿ ಮುಟ್ಟಲಿಲ್ಲ,
ಚೆಕಿಂಗ್ ಬರತಾರಂತ ಸುಳಿವು ಸಿಕ್ಕ
ಕಳ್ಳ ಕಂಡಕ್ಟರನಂಗ.

ಡಾಕ್ಟರ್ ಅನಸೂಯಾ ಹೊಂಬಳ ಕಾಗದ ತಿರುವಿ ಹಾಕಿದ್ರು.
'ಇದು ಮೂರು ದಿನದ್ದಲ್ಲ ನೀಲವ್ವಾ,
ಮೂರು ತಿಂಗಳದ ವೇ ಬಿಲ್ಲು.
ರಕ್ತದ ಕಣಕ್ಕ ಸಕ್ಕರಿ ಅಂಟಿಕೊಂಡಿರತದ,
ಒಂದು ಉಪಾಸಕ್ಕ ಉಚ್ಚೂದಿಲ್ಲ.'
ಎಂಟು ಪಾಯಿಂಟ್ ನಾಕು.

'ರೊಟ್ಟಿ ಎಷ್ಟು?'
'ಐದು. ಬಿಸಿ ಇದ್ರ ಆರು.'
'ಅನ್ನ?'
'ಆಮ್ಯಾಲೊಂದು ಹಿಡಿ.'
'ಯಾರ ಹಿಡಿ?'

ನಾ ಸುಮ್ನಾದೆ. ಅವರ ನಕ್ಕರು.
'ಜ್ವಾಳ ಒಳ್ಳೇದು, ತಿನ್ನು.
ಆದ್ರ ನಿನ್ನ ಸೊನ್ನೆ ಟಿಕೆಟ್ಟಿನಾಕಿನೂ
ಒಂದು ಸೀಟು ಹಿಡೀತಾಳಲ್ಲ?'

ಇಷ್ಟು ವರ್ಷ ಟಿಕೆಟ್ ಹರದಾಕಿಗೆ
ಈ ಮಾತು ಯಾರೂ ಹೇಳಿರಲಿಲ್ಲ.

ಹೇಳೂದು ಸಸಾರ. ನಾಕಕ್ಕ ಎದ್ದು ಡ್ಯೂಟಿಗೆ ಹೋಗಾಕಿ
ರೊಟ್ಟಿ ಬಡ್ಯಾಕ ಕುಂತ್ರ ಮೊದಲ ಬಸ್ಸು ಹೋಕೈತಿ;
ಅನ್ನಕ್ಕ ಮೂರು ಸೀಟಿ ಸಾಕು,
ಅಕ್ಕಿ ಮನಿಗೇ ಬರತೈತಿ, ರೊಕ್ಕಿಲ್ದ.
ಹೆಸರಕಾಳಿಗೆ, ಬ್ಯಾಳಿಗೆ ಕಿಸೆ ಕೈ ಹಾಕಬೇಕು.

ಹಾಕಿದೆ. ರಾತ್ರಿ ಕಾಳು ನೆನಿ ಇಡತೇನಿ,
ರವಿವಾರ ಕಟಕ ರೊಟ್ಟಿ ಬಡದು ಒಟ್ಟತೇನಿ.
ಮೊದಲ ಹಕ್ಕರಕಿ, ಉಳ್ಳಾಗಡ್ಡಿ, ಉಸುಳಿ,
ಆಮ್ಯಾಲೆ ಎರಡು ರೊಟ್ಟಿ.
ಅನ್ನದ ಸೀಟಿ ಈಗ ಗಂಡನ ಪಾಲಿಗೆ ಅಷ್ಟ,
ಅಂವನ ರಕ್ತ ಇನ್ನೂ ತಪಾಸಾಗಿಲ್ಲ.
ಮಂಗಳಾರ ಒಂದು ಮಿರ್ಚಿ ತಿಂತೇನಿ.
ಬರಕೊಂಡು ತಿಂತೇನಿ.

ನದಾಫಗ ಈಗ ಸ್ಟೇರಿಂಗ್ ಇಲ್ಲ.
ಗದಗ ಸ್ಟ್ಯಾಂಡಿನ ವಿಚಾರಣಾ ಕಿಡಕ್ಯಾಗ ಕುಂತು
ಬರೂ ಬಸ್ಸು, ಹೋಗೂ ಬಸ್ಸು ಮೈಕಿನ್ಯಾಗ ಕೂಗ್ತಾನ.
ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚತೇವಿ.
ಅಂವ ರೊಟ್ಟಿ ಮುರದು ಅರ್ಧ ತಿರುಗಿ ಡಬ್ಬಿಗೆ ಇಡತಾನ,
ಇಟ್ಟದ್ದರ ಕಡೆ ಒಂದು ಸಲ ನೋಡ್ತಾನ.

ಉಂಡ ಮ್ಯಾಲೆ ನಿಂತ ಬಸ್ಸಿಗೆ ಸುತ್ತು ಹೊಡೀತೇವಿ,
ಬಿಸಲಾಗ, ಹತ್ತು, ಹನ್ನೊಂದು.
ಚೀಲ ಹೊತ್ತ ಮುದಕ ಒಬ್ಬಾಂವ ಕೇಳಿದ:
'ಏನ ಹುಡಕ್ತೀರಿ? ಪಂಚರ್ ಆಗೈತೇನು ಗಾಡಿ?'
'ಇಲ್ಲೋ ಯಜ್ಜಾ,' ಅಂದ ನದಾಫ,
'ಊಟ ಇಳಸಾಕತ್ತೇವಿ. ನೀ ಹತ್ತು.'