ಮುಳಿ

ಮೇ ತಿಂಗಳ ಕೊನೆ. ಬೋಳಾರದ ಸೆಕೆ.
ಸಂಕಪ್ಪಣ್ಣ ಮಾಡಿನ ಮೇಲೆ, ನಾನು ಏಣಿಯ ನಡುವೆ.
ಒಡೆದ ಹಂಚು ಕೆಳಗೆ, ಹೊಸತು ಮೇಲೆ.
ಹೊಸತೆಂದರೆ ಅದೂ ಹಳತೇ,
ಕೆಡವಿದ ಯಾವುದೋ ಗೋದಾಮಿನದು,
ಬೆನ್ನಿನಲ್ಲಿ ಕಾರ್ಖಾನೆಯ ಹೆಸರು, ಇಸವಿ ಅರ್ಧ ಸವೆದು.

"ಮುಳಿಗೆ ಇಂಗ್ಲಿಷಿನಲ್ಲಿ ಏನು ಟೀಚರೇ?"
ಹುಲ್ಲಿಗೋ, ಹೊದೆಸಿದ್ದಕ್ಕೋ?
"ಹೊದೆಸಿದ್ದಕ್ಕೆ."
ಥ್ಯಾಚ್, ಅಂದೆ.
ಬಾಯಲ್ಲಿ ಒಮ್ಮೆ ಹೊರಳಿಸಿ
ಎಲೆಯಡಿಕೆಯ ಜತೆ ಉಗಿದರು:
"ಸೀನಿದ ಹಾಗುಂಟು."

ರಾತ್ರಿ ಕರೆಂಟಿಲ್ಲ. ಟಾರ್ಚಿನ ಬೆಳಕಿಗೆ
ದಪ್ಪ ನಿಘಂಟು, ಇರುವೆಸಾಲಿನ ಅಕ್ಷರ.
ಸಾವಿರ ವರ್ಷ ಹಿಂದೆ ಅದು ಹುಲ್ಲೇ ಅಲ್ಲ,
ಬರಿಯ ಮಾಡು.
ಬಡಗಣ ಕಡಲಿನವರ ಬಾಯಲ್ಲಿ ಥಾಕ್,
ಡಚ್ಚರಲ್ಲಿ ದಾಕ್, ಜರ್ಮನರಲ್ಲಿ ದಾಖ್,
ನಮ್ಮ ಪಿಲಿ
ಘಟ್ಟ ಹತ್ತಿ ಹುಲಿಯಾದ ಹಾಗೆ.
ಇಂಗ್ಲಿಷಿನವರು ಆಮೇಲೆ ಅದನ್ನು
ಹುಲ್ಲಿಗೇ ಕಟ್ಟಿ ಹಾಕಿದರು.
ಜರ್ಮನರು ಕಟ್ಟಲಿಲ್ಲ. ಹುಲ್ಲಿದ್ದರೂ ದಾಖ್,
ಹಂಚಿದ್ದರೂ ದಾಖ್.
ಜೆಪ್ಪಿನಲ್ಲಿ ಮಣ್ಣು ಬೇಯಿಸಲು ಬಂದವರು
ಇಲ್ಲಿಯ ಗುಡಿಸಲು ನೋಡಿ ಅಂದದ್ದೂ
ಅದೇ ಇರಬೇಕು.

ಮತ್ತೆ ಡೆಕ್. ಡಚ್ಚರ ಹಡಗಿನಿಂದ
ಇಂಗ್ಲಿಷಿಗೆ ಇಳಿದದ್ದು, ಅದೇ ಬೇರು,
ಹೊದಿಕೆ ಎಂದೇ ಮೂಲ.
ಸಂಕಪ್ಪಣ್ಣನ ಅಳಿಯ ಬಂದರಿನ ಟ್ರಾಲ್‌ಬೋಟಿನಲ್ಲಿ
ರಾತ್ರಿಯೆಲ್ಲ ಡೆಕ್ಕಿನಲ್ಲಿ ಮಲಗುತ್ತಾನೆ,
ಮಾಡಿಲ್ಲದೆ,
ಮಾಡಿನ ಮೇಲೆ.

ಬೆಳಿಗ್ಗೆ ಇದನ್ನೆಲ್ಲ ಹೇಳಿದೆ, ಹಂಚು ದಾಟಿಸುತ್ತ.
ಪಕ್ಕಾಸಿಗೆ ಒಂದು ಮೊಳೆ ಹೊಡೆದು ಮುಗಿಸಿ ಅಂದರು:
"ಇಷ್ಟಕ್ಕೆ ಅಷ್ಟು ದೊಡ್ಡ ಪುಸ್ತಕ ಬೇಕಾ?
ನಮ್ಮದಕ್ಕೆ ಈಗಲೂ ಮುಳಿತ ಇಲ್ಲ್ ಅಂತಲೇ ಹೆಸರು.
ಹುಲ್ಲು ಹೋಗಿ ನಲವತ್ತು ವರ್ಷ,
ಹಂಚೂ ಹೋಗಿ ತಾರಸಿ ಬಂತು.
ಕರೆಂಟ್ ಬಿಲ್ಲಿನವ ಹುಡುಕಿಕೊಂಡು ಬರುವುದು
ಮುಳಿಯನ್ನೇ."

ಒಂದು ಎಳೆ ಹೇಳದೆ ಉಳಿದಿತ್ತು.
ಅದೇ ಬೇರು ಸಂಸ್ಕೃತದಲ್ಲಿ ಮುಚ್ಚು ಎಂದಾಗಿ
ನಮ್ಮಲ್ಲಿಗೆ ಬರುವಾಗ ಸ್ಥಗಿತ ಆಯಿತಂತೆ,
ಮುಚ್ಚಿದ್ದು ನಿಂತಿತು ಅಂತಲೋ ಏನೋ.
ಕೇಳೋಣವೆಂದರೆ
ಉಳ್ಳಾಲದ ಕಡೆಯ ಆಕಾಶ ಇದ್ದಲಾಗಿತ್ತು,
ನಾಲ್ಕು ಹನಿ ಬಿಸಿ ಹಂಚಿನಲ್ಲಿ ಚುಂಯ್ ಎಂದು
ಐದನೆಯದು ನನ್ನ ಕುತ್ತಿಗೆಗೆ.

ಅರ್ಧ ಮಾಡು ತೆರೆದೇ ಇತ್ತು. ಕೆಳಗೆ ಚಾವಡಿ,
ಚಾವಡಿಯಲ್ಲಿ ಮೇಜು.
ಮೇಲಿನಿಂದ ಟಾರ್ಪಾಲು ಎಸೆದು
ಕೂಗಿದರು ಸಂಕಪ್ಪಣ್ಣ:
"ಮೊದಲು ಆ ಪುಸ್ತಕಕ್ಕೆ ಹೊದೆಸಿ!"