ಒಲೆ ಬೇರೆಯಾದ ಮೇಲೆ

ಮೊದಲು ತೋರಿಸಿದ್ದು ಅಡುಗೆಮನೆಯಿಲ್ಲದ ಮನೆ.
ಇಟ್ಟಿಗೆ ಗೋಡೆ, ಗೋಡೆಗೆ ಹಲಗೆಯ ಚೌಕಟ್ಟು,
ಚೌಕಟ್ಟು ಹಿಡಿದು ಹತ್ತಿದ ದ್ರಾಕ್ಷಿ ಬಳ್ಳಿ;
ಒಳಗೆ ನಾಲ್ಕು ಕೋಣೆ, ನಾಲ್ಕು ಮಂಚ, ಉದ್ದ ಗಡಿಯಾರ.
ಎಣ್ಣೆ ಸಿಡಿದ ಕಲೆ ಒಂದು ಗೋಡೆಯಲ್ಲೂ ಇಲ್ಲ.

ಉಣ್ಣುತ್ತಿದ್ದದ್ದೆಲ್ಲಿ, ಅಂದೆ.
ಒಟೀಲಿಯಾ ಬೀದಿಯಾಚೆ ಊರುಗೋಲು ಚಾಚಿದಳು:
ಅಲ್ಲಿ. ನಲವತ್ತು ಜನಕ್ಕೆ ಒಂದು ಒಲೆ.

ಅಯೋವಾದ ಈ ಬಯಲಲ್ಲಿ ಏಳು ಹಳ್ಳಿ,
ಏಳಕ್ಕೂ ಸೇರಿ ಒಂದೇ ಗಂಟು.
ಅವಳಜ್ಜಿ ಆ ಅಡುಗೆಮನೆಯ ಯಜಮಾನಿ;
ದಿನಕ್ಕೆ ಐದು ಸಲ ಗಂಟೆ, ಐದು ಸಲ ಊಟ,
ಗಂಡಸರಿಗೊಂದು ಮೇಜು, ಹೆಂಗಸರಿಗೊಂದು,
ಹದಿನೈದು ನಿಮಿಷ, ಮಾತಿಲ್ಲ,
ಚಮಚಗಳಿಗಷ್ಟೇ ಪರವಾನಗಿ.

ಆಮೇಲೆ ಮೂವತ್ತೆರಡನೇ ಇಸವಿ.
ಸಭೆ ಸೇರಿದರು, ಚೀಟಿ ಹಾಕಿದರು, ಎಣಿಸಿದರು.
ಉಣ್ಣೆಯ ಗಿರಣಿ, ಜೋಳದ ಹೊಲ, ಹಂದಿ, ಹಸು
ಮಡಿಸಿ ಜೇಬಿಗಿಡುವ ಕಾಗದವಾದವು.
ನನ್ನ ನುಡಿಯಲ್ಲಿ ಇದಕ್ಕೊಂದು ಮಾತಿದೆ,
ಅಣ್ಣತಮ್ಮಂದಿರ ಮನೆ ದಾಟುವಾಗ ದನಿ ತಗ್ಗಿಸಿ ಆಡುವುದು:
ಒಲೆ ಬೇರೆಯಾಯಿತು.
ಬಿಡಿಸಿ ಹೇಳಿದೆ. ಅವಳು ನಕ್ಕಳು.
"ಬೇರೆ ಮಾಡಿಕೊಳ್ಳಲು ಒಲೆಯೆಲ್ಲಿತ್ತು ಮನೆಯಲ್ಲಿ?
ಪೇಟೆಗೆ ಹೋಗಿ ಕೊಂಡು ತಂದರು."

ಅಜ್ಜಿಯ ಪುಸ್ತಕ ತೆಗೆದಳು. ಓರೆಯಾದ ಜರ್ಮನ್ ಅಕ್ಷರ,
ಪುಟಕ್ಕೊಂದು ಜಿಡ್ಡಿನ ಹೆಬ್ಬೆರಳು.
ಕಡುಬಿಗೆ: ಮೊಟ್ಟೆ ಮೂವತ್ತಾರು. ಹಿಟ್ಟು ಅರ್ಧ ಡಬ್ಬ.
ಉಪ್ಪು, ನನ್ನ ಕೈ.

ಹೊಸ ಒಲೆಯ ಮುಂದೆ ಉಣ್ಣುವವರು ನಾಲ್ವರು.
ಮೊಟ್ಟೆ ಭಾಗಿಸಿದಳಂತೆ, ಹಿಟ್ಟು ಭಾಗಿಸಿದಳಂತೆ,
ಕೈಯನ್ನು ಹತ್ತರಿಂದ ಭಾಗಿಸುವುದು ಹೇಗೆ?
ಆ ಚಳಿಗಾಲವಿಡೀ ಉಪ್ಪುಪ್ಪಾಗಿ ಉಂಡರು.
ಕೊನೆಗೆ ಲೆಕ್ಕ ಬಿಟ್ಟು, ಮೊದಲಿನಷ್ಟೇ ಬೇಯಿಸಿ,
ಮಿಕ್ಕಿದ್ದನ್ನು ನೆರೆಯವರಿಗೆಂದು ಹೊತ್ತು ಹೊರಟರೆ
ಹಿಮದ ಬೀದಿಯ ನಡುವೆ ಎದುರಾದರು
ಇನ್ನಿಬ್ಬರು ಹಳೆಯ ಯಜಮಾನಿಯರು,
ಅವರ ಕೈಯಲ್ಲೂ ಪಾತ್ರೆ, ಪಾತ್ರೆಯಲ್ಲೂ ಕಡುಬು.

ಹಾದಿಯಲ್ಲಿ ಹೆನ್ನಿಂಗನ ಕೊಟ್ಟಿಗೆ.
ನೆನೆಸಿದ ವಿಲ್ಲೋ ಕಡ್ಡಿ, ಮಂಡಿಯ ನಡುವೆ ಬುಟ್ಟಿ,
ಮೂರು ತಲೆಮಾರು ದಾಟಿ ಅವನಿಗೆ ಬಂದ ಒಂದು ಗಂಟು:
ಹಿಡಿ ಬುಡಕ್ಕೆ ಬಂದು ಸೇರುವಲ್ಲಿ ಒಳಗೆ ತಿರುಗಿ ಮಾಯವಾಗುತ್ತದೆ.
ಎಲ್ಲಿ ಹೋಯಿತೆಂದು ಬಗ್ಗಿ ಬಗ್ಗಿ ನೋಡಿದೆ.
ಬೆಲೆ ನೂರ ಎಂಬತ್ತು ಡಾಲರ್.
"ನನ್ನ ಮುತ್ತಾತನ ಬುಟ್ಟಿಗೆ ಬೆಲೆಯಿರಲಿಲ್ಲ" ಅಂದ,
ಹೆಮ್ಮೆಯೋ ಕೊರಗೋ ತಿಳಿಯಲಿಲ್ಲ.
ಕಿತ್ತ ಹಿಡಿ ಯಾರೇ ತಂದರೂ
ದುಡ್ಡು ಮುಟ್ಟದೆ ಕಟ್ಟಿಕೊಡುತ್ತಾನೆ, ಬೈದುಕೊಂಡು.

ಮಧ್ಯಾಹ್ನ ಅವಳ ಮನೆಯಲ್ಲೇ ಊಟ.
ಕಡುಬು, ಹುಳಿ ಬರಿಸಿದ ಎಲೆಕೋಸು, ರೂಬಾರ್ಬಿನ ವೈನು,
ಒಬ್ಬಳೇ ಇರುವವಳ ಒಲೆಯ ಮೇಲೆ
ತೊಟ್ಟಿಲಿನಷ್ಟು ದೊಡ್ಡ ಪಾತ್ರೆ.

ಇಳಿಹೊತ್ತಿಗೆ ಪೈನ್ ಮರಗಳ ನಡುವಿನ ಸ್ಮಶಾನ.
ಗಿಡ್ಡ ಬಿಳಿಕಲ್ಲು, ಎಲ್ಲ ಒಂದೇ ಅಳತೆ.
ಗಂಡನ ಪಕ್ಕ ಹೆಂಡತಿಯಿಲ್ಲ, ತಾಯಿಯ ಬಳಿ ಕೂಸಿಲ್ಲ;
ಯಾರು ಯಾವಾಗ ಹೋದರೋ ಅದೇ ಸರದಿ.
ಪಂಕ್ತಿ, ಅಂದುಕೊಂಡೆ.
ನಮ್ಮ ಕಡೆ ಪಂಕ್ತಿಯೆಂದರೆ
ಯಾರು ಎದ್ದು ಆಚೆ ಕೂರಬೇಕೆಂಬ ಲೆಕ್ಕವೂ ಹೌದು.
ಅದನ್ನು ಬಿಡಿಸಿ ಹೇಳಲಿಲ್ಲ.

"ನನ್ನ ಗೋಟ್‌ಹೋಲ್ಡ್ ಅಗೋ, ಆ ಸಾಲಿನ ತುದಿ.
ಅವನಾದ ಮೇಲೆ ಒಂದೂವರೆ ಸಾಲು ತುಂಬಿದೆ.
ನನ್ನ ಮಗ್ಗುಲಿಗೆ ಯಾರೋ, ಜಗಳಗಂಟರಾಗದಿದ್ದರೆ ಸಾಕು."
ಕಲ್ಲಿನ ಮೇಲಿನ ಎಲೆ ಊರುಗೋಲಿಂದ ಸರಿಸಿ
ತಟ್ಟನೆ ತಿರುಗಿ ಕೇಳಿದಳು:
"ಉಪ್ಪು ಜಾಸ್ತಿಯಾಗಿತ್ತೇ ಮಧ್ಯಾಹ್ನ?"

ಇಲ್ಲವೆಂದು ತಲೆಯಾಡಿಸಿದೆ.
ಗೇಟಿನ ಬಳಿ ನಲ್ಲಿಯಿತ್ತು.
ಬೊಗಸೆಯೊಡ್ಡಿ ಬಹಳ ಹೊತ್ತು ಕುಡಿದೆ.